ವಾಲದ ಗಾಡಿ ಮಗುಚುವುದಿಲ್ಲವೇ? ತಗ್ಗಿಸಿದ ಹಳೆಯ ಪಿಕಪ್ಪಿಗೆ ಗುಜರಿಯ ಸ್ವೇ ಬಾರ್ ಹಾಕುವ ಮೊದಲು

ಹಳೆಯ ಅಮೆರಿಕನ್ ಪಿಕಪ್ ಟ್ರಕ್ಕೊಂದು ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗಾಗಿ ನಿಂತಿದೆ. ಒಬ್ಬಾತ ಅದರ ಅಡಿಯಲ್ಲಿ ಮಲಗಿ, ಗುಜರಿಯಿಂದ ತಂದ ಬಾಗಿದ ಕಬ್ಬಿಣದ ಸರಳೊಂದನ್ನು ಬಿಗಿಯುತ್ತಿದ್ದಾನೆ. ಮುಂದಿನ ದೃಶ್ಯದಲ್ಲಿ ಅದೇ ಗಾಡಿ ತಿರುವಿನಲ್ಲಿ ಚೂರೂ ವಾಲದೆ ರೇಸ್ ಕಾರಿನಂತೆ ನುಗ್ಗುತ್ತದೆ. ಇಂಥ ವಿಡಿಯೋ ನಿಮ್ಮ ಫೋನಿಗೂ ಬಂದಿರಬಹುದು. ಜೊತೆಗೆ ಒಂದು ಮಾತೂ ಅಂಟಿಕೊಂಡು ಬರುತ್ತದೆ: ಈ ಸರಳು ಹಾಕಿಸಿದರೆ ಗಾಡಿಗೆ ಹಿಡಿತ ಹೆಚ್ಚುತ್ತದೆ, ಎಷ್ಟು ಜೋರಾಗಿ ತಿರುಗಿಸಿದರೂ ಪಲ್ಟಿ ಹೊಡೆಯುವುದಿಲ್ಲ.

ವಿಡಿಯೋದಲ್ಲಿ ಕಾಣುವುದು ಸುಳ್ಳಲ್ಲ. ಆ ಸರಳು ವಾಲುವಿಕೆಯನ್ನು ನಿಜಕ್ಕೂ ತಗ್ಗಿಸುತ್ತದೆ. ಆದರೆ ವಾಲುವುದು ಬೇರೆ, ಮಗುಚುವುದು ಬೇರೆ, ಹಿಡಿತ ಇನ್ನೂ ಬೇರೆ. ಈ ಮೂರನ್ನೂ ಒಂದೇ ಎಂದುಕೊಂಡವರು ಮಳೆಯಲ್ಲಿ ಖಾಲಿ ಪಿಕಪ್ ಓಡಿಸುವಾಗ ಅಪಾಯಕ್ಕೆ ಸಿಕ್ಕಿಕೊಳ್ಳುತ್ತಾರೆ.

ಈ ಸರಳು ಏನು?

ಅಮೆರಿಕದಲ್ಲಿ ಇದನ್ನು ಸ್ವೇ ಬಾರ್ ಎನ್ನುತ್ತಾರೆ. ನಮ್ಮ ಗ್ಯಾರೇಜುಗಳಲ್ಲಿ ಸ್ಟೆಬಿಲೈಸರ್ ಬಾರ್, ಕಾರಿನ ಬ್ರೋಷರುಗಳಲ್ಲಿ ಆ್ಯಂಟಿ ರೋಲ್ ಬಾರ್. ಎಲ್ಲವೂ ಒಂದೇ. ಉದ್ದನೆಯ ಉಕ್ಕಿನ ಸರಳನ್ನು ‘ಯು’ ಆಕಾರಕ್ಕೆ ಬಗ್ಗಿಸಿರುತ್ತಾರೆ. ನಡುವಿನ ಉದ್ದ ಭಾಗ ಗಾಡಿಯ ಅಡ್ಡಕ್ಕೆ ಚಾಸಿಯ ಮೇಲೆ ಎರಡು ರಬ್ಬರ್ ಬುಷ್‌ಗಳಲ್ಲಿ ಕೂತಿರುತ್ತದೆ. ಎರಡು ತುದಿಗಳು ಲಿಂಕ್ ರಾಡ್ ಮೂಲಕ ಎಡ ಮತ್ತು ಬಲ ಚಕ್ರಗಳ ತೋಳುಗಳಿಗೆ ಜೋಡಣೆಯಾಗಿರುತ್ತವೆ. ಇದು ಹೊಸ ಆವಿಷ್ಕಾರವೇನಲ್ಲ. ಕೆನಡಾದ ಫ್ರೆಡರಿಕ್ಟನ್ ಊರಿನ ಸ್ಟೀಫನ್ ಕೋಲ್ಮನ್ 1919ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು.

ಕೆಲಸ ಮಾಡುವ ಬಗೆ ತಿಳಿಯಲು ಒಂದು ಪ್ಲಾಸ್ಟಿಕ್ ಸ್ಕೇಲಿನ ಎರಡು ತುದಿಗಳನ್ನು ಎರಡು ಕೈಗಳಲ್ಲಿ ಹಿಡಿದುಕೊಳ್ಳಿ. ಎರಡೂ ಕೈಗಳನ್ನು ಒಂದೇ ಕಡೆಗೆ ತಿರುಗಿಸಿದರೆ ಸ್ಕೇಲು ಸುಮ್ಮನೆ ತಿರುಗುತ್ತದೆ. ಒಂದು ಕೈ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ತಿರುಗಿಸಿದರೆ ಸ್ಕೇಲು ತಿರುಚಿಕೊಂಡು ನಿಮ್ಮ ಕೈಗಳನ್ನು ತಡೆಯುತ್ತದೆ. ಸ್ವೇ ಬಾರ್ ಹೀಗೇ. ಹಂಪ್ ಮೇಲೆ ಎರಡೂ ಮುಂಚಕ್ರ ಒಟ್ಟಿಗೆ ಎದ್ದರೆ ಅದು ಬುಷ್ ಒಳಗೆ ತಿರುಗಿಕೊಂಡು ಸುಮ್ಮನಿರುತ್ತದೆ. ತಿರುವಿನಲ್ಲಿ ಒಂದು ಕಡೆ ಕುಸಿದು ಇನ್ನೊಂದು ಕಡೆ ಎದ್ದಾಗ ಮಾತ್ರ ತಿರುಚಿಕೊಂಡು ವಾಲುವಿಕೆಯನ್ನು ತಡೆಯುತ್ತದೆ.

ಇದರಿಂದಲೇ ಇನ್ನೊಂದು ತಪ್ಪು ಕಲ್ಪನೆಯೂ ಬಿದ್ದುಹೋಗುತ್ತದೆ. ಹೆಚ್ಚು ಭಾರ ಹೇರಿದಾಗ ಹಿಂಭಾಗ ಕುಸಿಯದಿರಲಿ ಎಂದು ಕೆಲವರು ಸ್ವೇ ಬಾರ್ ಹಾಕಿಸಲು ಹೊರಡುತ್ತಾರೆ. ಭಾರ ಎರಡೂ ಚಕ್ರಗಳ ಮೇಲೆ ಸಮನಾಗಿ ಬಿದ್ದರೆ ಈ ಸರಳು ಒಂದು ಕಿಲೋವನ್ನೂ ಹೊರುವುದಿಲ್ಲ. ಭಾರ ಹೊರುವುದು ಸ್ಪ್ರಿಂಗಿನ ಕೆಲಸ.

ಕಾಲು ಇಂಚಿನ ಲೆಕ್ಕ

ಗುಜರಿಯಲ್ಲಿ ಎರಡು ಸರಳು ಪಕ್ಕಪಕ್ಕ ಇವೆ ಎಂದುಕೊಳ್ಳಿ. ಒಂದು ಇಂಚಿನದು ಒಂದು, ಒಂದೂಕಾಲು ಇಂಚಿನದು ಇನ್ನೊಂದು. ಕಣ್ಣಿಗೆ ದೊಡ್ಡ ವ್ಯತ್ಯಾಸವಿಲ್ಲ. ಆದರೆ ದುಂಡನೆಯ ಸರಳಿನ ತಿರುಚು ಬಿಗಿತ ಅದರ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಅಂದರೆ 1.25 ಅನ್ನು ನಾಲ್ಕು ಸಲ ಗುಣಿಸಿ: ಸುಮಾರು 2.4. ಕಾಲು ಇಂಚು ದಪ್ಪ ಹೆಚ್ಚಿದ್ದಕ್ಕೆ ಬಿಗಿತ ಎರಡು ಪಟ್ಟಿಗೂ ಮೀರಿ ಹೆಚ್ಚಿತು. ‘ದಪ್ಪ ಇದ್ದಷ್ಟೂ ಒಳ್ಳೆಯದು’ ಎಂದು ಸಿಕ್ಕ ಸರಳನ್ನು ಎತ್ತಿಕೊಂಡು ಬರುವವರು ಈ ಲೆಕ್ಕವನ್ನು ಒಮ್ಮೆ ಮಾಡಬೇಕು.

ಟೊಳ್ಳು ಸರಳು ಎಂದರೆ ಮೂಗು ಮುರಿಯುವವರಿಗೂ ಇದೇ ಲೆಕ್ಕ ಉತ್ತರ ಕೊಡುತ್ತದೆ. ಹೊರಗಿನ ಅಳತೆಯ ಅರ್ಧದಷ್ಟು ಅಗಲದ ತೂತು ಒಳಗಿದ್ದರೂ ಕಳೆದುಹೋಗುವ ಬಿಗಿತ ಸುಮಾರು 6 ಶೇಕಡಾ ಮಾತ್ರ, ತೂಕ ಮಾತ್ರ ಕಾಲು ಭಾಗ ಇಳಿಯುತ್ತದೆ. ತಿರುಚಿದಾಗ ದುಡಿಯುವುದು ಹೊರಮೈ, ನಡುವಿನ ಉಕ್ಕು ಹೆಚ್ಚುಕಡಿಮೆ ಸುಮ್ಮನೆ ಕೂತಿರುತ್ತದೆ.

ಮಗುಚುವುದನ್ನು ತಡೆಯುತ್ತದೆಯೇ?

ಗಾಡಿ ಸಮತಟ್ಟು ರಸ್ತೆಯ ಮೇಲೆ ಮಗುಚುತ್ತದೋ ಇಲ್ಲವೋ ಎಂಬುದನ್ನು ಮುಖ್ಯವಾಗಿ ತೀರ್ಮಾನಿಸುವುದು ಎರಡೇ ಅಳತೆ: ಎಡ-ಬಲ ಚಕ್ರಗಳ ನಡುವಿನ ಅಗಲ ಮತ್ತು ಗುರುತ್ವ ಕೇಂದ್ರದ ಎತ್ತರ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ವಾಹನಗಳ ಮಗುಚುವ ಅಪಾಯವನ್ನು ಅಂದಾಜು ಮಾಡುವಾಗ ಬಳಸುವ ಮೂಲ ಅಂಕಿಯೂ ಇದೇ. ಚಕ್ರಗಳ ನಡುವಿನ ಅಗಲವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿದರೆ ಅದು ಸಿಗುತ್ತದೆ. ಅಂಕಿ ದೊಡ್ಡದಿದ್ದಷ್ಟೂ ಗಾಡಿ ಮಗುಚುವುದು ಕಷ್ಟ.

ಲೆಕ್ಕಕ್ಕೆಂದು ಒಂದು ಪಿಕಪ್ ತೆಗೆದುಕೊಳ್ಳೋಣ. ಚಕ್ರಗಳ ನಡುವೆ 1.6 ಮೀಟರ್, ಗುರುತ್ವ ಕೇಂದ್ರ 65 ಸೆಂ.ಮೀ. ಎತ್ತರದಲ್ಲಿದೆ. ಅಂಕಿ 1.23. ಗಾಡಿಯನ್ನು 10 ಸೆಂ.ಮೀ., ಅಂದರೆ ಸುಮಾರು ನಾಲ್ಕು ಇಂಚು ತಗ್ಗಿಸಿ ಗುರುತ್ವ ಕೇಂದ್ರವೂ ಅಷ್ಟೇ ಇಳಿಯಿತು ಎಂದುಕೊಂಡರೆ 1.45. ಮಗುಚುವುದಕ್ಕೆ ತಡೆ ನಿಜವಾಗಿಯೂ ಹೆಚ್ಚಿತು. ಹೆಚ್ಚಿಸಿದ್ದು ಯಾವುದು? ತಗ್ಗಿಸಿದ್ದು. ಈ ಸೂತ್ರದಲ್ಲಿ ಸ್ವೇ ಬಾರಿನ ಹೆಸರೇ ಇಲ್ಲ. ಗಾಡಿ ವಾಲಿದಾಗ ಗುರುತ್ವ ಕೇಂದ್ರ ಸ್ವಲ್ಪ ಹೊರಕ್ಕೆ ಸರಿಯುತ್ತದೆ, ಅದನ್ನು ಬಾರ್ ಕಡಿಮೆ ಮಾಡುತ್ತದೆ ಎಂಬಷ್ಟು ಲಾಭ ಉಂಟು. ಅದಕ್ಕಿಂತ ಹೆಚ್ಚಿಲ್ಲ.

ಚಾಲಕನಿಗೆ ಸಿಗುತ್ತಿದ್ದ ಎಚ್ಚರಿಕೆಯೂ ವಾಲುವಿಕೆಯ ಜೊತೆಗೇ ಕಡಿಮೆಯಾಗುತ್ತದೆ. ಮೊದಲು ಗಾಡಿ ವಾಲಿ ‘ನಿಧಾನ’ ಎನ್ನುತ್ತಿತ್ತು. ಈಗ ನೆಟ್ಟಗೆ ನಿಂತು ಕೊನೆಯ ಗಳಿಗೆಯವರೆಗೂ ಎಲ್ಲ ಸರಿ ಇದೆ ಎಂದೇ ತೋರಿಸುತ್ತದೆ.

ಹಾಗಾದರೆ ಹಿಡಿತ?

ತಿರುವಿನಲ್ಲಿ ಒಳಗಿನ ಚಕ್ರಗಳ ಭಾರ ಹೊರಗಿನ ಚಕ್ರಗಳಿಗೆ ಸರಿಯುತ್ತದೆ. ಮೇಲಿನ ಗಾಡಿ 1,800 ಕೆ.ಜಿ. ತೂಗುತ್ತದೆ, ಗುರುತ್ವ ಬಲದ ಅರ್ಧದಷ್ಟು ಬಲ ಅದನ್ನು ಪಕ್ಕಕ್ಕೆ ತಳ್ಳುವಂತೆ ತಿರುಗುತ್ತಿದೆ ಎಂದರೆ ಹೀಗೆ ಸರಿಯುವ ಭಾರ ಸುಮಾರು 365 ಕೆ.ಜಿ. ತಗ್ಗಿಸಿದ ಮೇಲೆ ಸುಮಾರು 310 ಕೆ.ಜಿ. ಈ ಒಟ್ಟು ಮೊತ್ತವನ್ನು ಸ್ವೇ ಬಾರ್ ಕಡಿಮೆ ಮಾಡಲಾರದು. ಅದು ಮಾಡುವುದು ಹಂಚಿಕೆ. ಆ ಭಾರದಲ್ಲಿ ಮುಂದಿನ ಜೋಡಿ ಚಕ್ರಗಳು ಎಷ್ಟು ಹೊರಬೇಕು, ಹಿಂದಿನ ಜೋಡಿ ಎಷ್ಟು ಎಂಬುದನ್ನು ಅದು ಬದಲಿಸುತ್ತದೆ.

ಟೈರಿನ ಮೇಲೆ ಭಾರ ದುಪ್ಪಟ್ಟಾದರೆ ಹಿಡಿತವೂ ದುಪ್ಪಟ್ಟಾಗುವುದಿಲ್ಲ, ಸ್ವಲ್ಪ ಕಡಿಮೆಯೇ ಆಗುತ್ತದೆ. ಹಾಗಾಗಿ ಒಂದು ಜೋಡಿಯಲ್ಲಿ ಭಾರ ಸಮನಾಗಿದ್ದರೆ ಹಿಡಿತ ಹೆಚ್ಚು. ಒಂದು ಟೈರು ಒದ್ದಾಡಿ ಇನ್ನೊಂದು ಹಗುರಾಗಿದ್ದರೆ ಆ ಜೋಡಿಯ ಒಟ್ಟು ಹಿಡಿತ ಕಡಿಮೆ. ಬಾರ್ ಎಲ್ಲಿ ಬಿಗಿಯಾಗಿದೆಯೋ ಆ ಜೋಡಿಯಲ್ಲಿ ಭಾರದ ಅಸಮತೋಲನ ಹೆಚ್ಚುತ್ತದೆ, ಅದೇ ಜೋಡಿ ಮೊದಲು ಜಾರಲು ಶುರುವಾಗುತ್ತದೆ. ಹೆಚ್ಚಿನವರು ಅಂದುಕೊಂಡಿರುವುದು ಇದಕ್ಕೆ ತದ್ವಿರುದ್ಧ: ಬಾರ್ ಹಾಕಿದ ಕಡೆ ಗಾಡಿ ಗಟ್ಟಿಯಾಗಿ ರಸ್ತೆಯನ್ನು ಹಿಡಿದುಕೊಳ್ಳುತ್ತದೆ ಎಂದು.

ವಾಲುವುದು ಕಡಿಮೆಯಾದಾಗ ಟೈರು ರಸ್ತೆಗೆ ಹೆಚ್ಚು ಚಪ್ಪಟೆಯಾಗಿ ಕೂರುತ್ತದೆ, ಆ ಲಾಭ ಬೇರೆ ಇದೆ, ನಿಜ. ಆದ್ದರಿಂದಲೇ ಹದವಾದ ಬಾರಿನಿಂದ ಗಾಡಿ ಒಟ್ಟಿನಲ್ಲಿ ಚೆನ್ನಾಗಿ ತಿರುಗುತ್ತದೆ. ಆದರೆ ಖಾಲಿ ಪಿಕಪ್ಪಿನ ವಿಷಯ ಸೂಕ್ಷ್ಮ. ಇಂಜಿನ್, ಕ್ಯಾಬಿನ್, ಚಾಲಕ ಎಲ್ಲ ಮುಂದೆ. ಹಿಂದೆ ಬರಿಯ ತಗಡಿನ ತೊಟ್ಟಿ. ಮೊದಲೇ ಹಗುರಾದ ಹಿಂಭಾಗಕ್ಕೆ ಗುಜರಿಯಿಂದ ದಪ್ಪ ಬಾರ್ ತಂದು ಹಾಕಿ, ಮುಂದೆ ಹಳೆಯದನ್ನೇ ಬಿಟ್ಟರೆ ಒದ್ದೆ ರಸ್ತೆಯ ತಿರುವಿನಲ್ಲಿ ಹಿಂಭಾಗ ಮೊದಲು ಜಾರಿ ಗಾಡಿ ಗಿರಕಿ ಹೊಡೆಯುತ್ತದೆ. ಹಳೆಯ ಪಿಕಪ್ಪುಗಳಲ್ಲಿ ಹಿಂದಿನ ಚಕ್ರಗಳೇ ಗಾಡಿಯನ್ನು ತಳ್ಳುವುದು. ಒಳಗಿನ ಹಿಂಚಕ್ರವನ್ನು ಬಾರ್ ಮೇಲಕ್ಕೆಳೆದು ಹಗುರ ಮಾಡಿದಾಗ, ಎಕ್ಸಿಲರೇಟರ್ ಒತ್ತಿದರೆ ಆ ಚಕ್ರ ನಿಂತಲ್ಲೇ ಸುತ್ತತೊಡಗುತ್ತದೆ.

ಮುಂದಿನ ಜೋಡಿ ಮೊದಲು ಜಾರಿದರೆ ಗಾಡಿ ಅಂದುಕೊಂಡದ್ದಕ್ಕಿಂತ ಅಗಲವಾಗಿ ತಿರುಗುತ್ತದೆ. ಗಾಬರಿಯಾದ ಚಾಲಕ ಎಕ್ಸಿಲರೇಟರ್ ಬಿಡುತ್ತಾನೆ, ಸಾಮಾನ್ಯವಾಗಿ ಗಾಡಿ ಹಿಡಿತಕ್ಕೆ ಮರಳುತ್ತದೆ. ಹಿಂಭಾಗ ಜಾರಿದಾಗ ಹಾಗೆ ಬಿಡುವುದೇ ಗಿರಕಿಯನ್ನು ಹೆಚ್ಚಿಸಬಲ್ಲದು. ಹಾಗಾಗಿ ಒಂದೇ ಬಾರ್ ಹಾಕುವುದಾದರೆ ಅದು ಮುಂದೆ ಇರಬೇಕು. ಹಿಂದಿನದ್ದೊಂದನ್ನೇ ಹಾಕಿ ‘ಆಯ್ತು’ ಎನ್ನುವುದು ನನ್ನ ಪ್ರಕಾರ ಏನೂ ಹಾಕದೆ ಇರುವುದಕ್ಕಿಂತ ಕೆಟ್ಟದ್ದು.

ತಗ್ಗಿಸಿದ ಗಾಡಿ ಹೆಚ್ಚು ವಾಲುವುದೂ ಉಂಟು

ಅಮೆರಿಕದಲ್ಲಿ ತಗ್ಗಿಸಿಕೊಳ್ಳುವ ಹಳೆಯ ಪಿಕಪ್ಪುಗಳಲ್ಲಿ ಷೆವರ್ಲೆ ಸಿ10 ಬಹಳ ಜನಪ್ರಿಯ, ಅದರಲ್ಲೂ 1967ರಿಂದ 1972ರವರೆಗಿನ ಮಾದರಿಗಳು. ಮುಂದೆ ಎರಡು ತೋಳುಗಳ ನಡುವೆ ಕಾಯಿಲ್ ಸ್ಪ್ರಿಂಗ್. ಹಿಂದೆಯೂ ಹೆಚ್ಚಿನವಕ್ಕೆ ಕಾಯಿಲ್ ಸ್ಪ್ರಿಂಗೇ, ಜೊತೆಗೆ ಎರಡು ಉದ್ದ ತೋಳುಗಳು. ಆ ತೋಳಿನ ವಿನ್ಯಾಸ ಎಷ್ಟು ಗಟ್ಟಿಯದೆಂದರೆ, ಅದರಿಂದ ಹುಟ್ಟಿದ ಹಿಂಬದಿ ಸಸ್ಪೆನ್ಷನ್ ನಾಸ್ಕಾರ್ ರೇಸ್ ಕಾರುಗಳಲ್ಲಿ 2021ರವರೆಗೂ ಉಳಿದಿತ್ತು.

ಇಂಥ ಗಾಡಿಯ ಮುಂಭಾಗವನ್ನು ಬರೀ ಸ್ಪ್ರಿಂಗ್ ಕತ್ತರಿಸಿ ತಗ್ಗಿಸಿದರೆ ಏನಾಗುತ್ತದೆ? ತಿರುವಿನಲ್ಲಿ ಗಾಡಿಯ ಮೈ ಒಂದು ಕಾಲ್ಪನಿಕ ಬಿಂದುವಿನ ಸುತ್ತ ವಾಲುತ್ತದೆ, ಅದನ್ನು ರೋಲ್ ಸೆಂಟರ್ ಎನ್ನುತ್ತಾರೆ. ಅದು ಎಲ್ಲಿರಬೇಕೆಂದು ನಿರ್ಧರಿಸುವುದು ತೋಳುಗಳ ಓರೆ. ಗುರುತ್ವ ಕೇಂದ್ರಕ್ಕೂ ಈ ಬಿಂದುವಿಗೂ ಇರುವ ಅಂತರವೇ ಗಾಡಿಯನ್ನು ವಾಲಿಸುವ ಸನ್ನೆಗೋಲು. ಗಾಡಿ ಇಳಿದಾಗ ಗುರುತ್ವ ಕೇಂದ್ರ ಇಳಿಯುತ್ತದೆ, ಆದರೆ ತೋಳುಗಳ ಓರೆ ಬದಲಾಗಿ ರೋಲ್ ಸೆಂಟರ್ ಅದಕ್ಕಿಂತಲೂ ಬೇಗ ಕೆಳಗಿಳಿಯಬಹುದು. ಸನ್ನೆಗೋಲು ಉದ್ದವಾಯಿತು. ಮೇಲಿನ ಭಾರ ಇಳಿದರೂ ಗಾಡಿ ಮೊದಲಿಗಿಂತ ಸುಲಭವಾಗಿ ವಾಲುತ್ತದೆ! ‘ತಗ್ಗಿಸಿದೆ, ಇನ್ನು ವಾಲುವ ಪ್ರಶ್ನೆಯೇ ಇಲ್ಲ’ ಎಂದುಕೊಂಡವರು ಮೊದಲ ತಿರುವಿನಲ್ಲೇ ಬೆರಗಾಗಿ ಸ್ವೇ ಬಾರ್ ಹುಡುಕಲು ಹೋಗುವುದು ಇದೇ ಕಾರಣಕ್ಕೆ.

ಇದಕ್ಕೆ ಮದ್ದು ಡ್ರಾಪ್ ಸ್ಪಿಂಡಲ್. ಚಕ್ರ ಕೂರುವ ಕಡ್ಡಿಯನ್ನೇ ಮೇಲಕ್ಕೆ ಸರಿಸಿ ಮಾಡಿದ ಭಾಗ ಅದು. ಗಾಡಿ ಸುಮಾರು ಎರಡೂವರೆ ಇಂಚು ಇಳಿದರೂ ತೋಳುಗಳ ಓರೆ ಹಾಗೆಯೇ ಉಳಿಯುತ್ತದೆ. ಹಿಂಭಾಗದಲ್ಲಿ ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಅಡ್ಡ ಸರಳೊಂದಿದೆ, ಅದೇ ಪ್ಯಾನ್‌ಹಾರ್ಡ್ ಬಾರ್. ಗಾಡಿ ತಗ್ಗಿದಾಗ ಇದು ಓರೆಯಾಗಿ ಇಡೀ ಆಕ್ಸಲನ್ನು ಒಂದು ಪಕ್ಕಕ್ಕೆ ತಳ್ಳುತ್ತದೆ. ಸ್ವೇ ಬಾರ್ ಹಾಕುವ ಮೊದಲು ಈ ಎರಡು ಸರಿಯಾಗಬೇಕು. ಆಕ್ಸಲ್ಲೇ ಪಕ್ಕಕ್ಕೆ ಸರಿದಿರುವಾಗ ಬಾರ್ ಹಾಕಿದರೆ ಅದರ ಲಿಂಕ್‌ಗಳೂ ಸೊಟ್ಟಗೇ ಕೂರುತ್ತವೆ.

ಗುಜರಿಯಲ್ಲಿ ಏನು ನೋಡಬೇಕು?

ಅಮೆರಿಕದಲ್ಲಿ ಹಳೆಯ ಗಾಡಿಗಳನ್ನು ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ, ಬೇಕಾದ ಭಾಗವನ್ನು ಗಿರಾಕಿಯೇ ಸ್ಪ್ಯಾನರ್ ಹಿಡಿದು ಬಿಚ್ಚಿಕೊಳ್ಳುವ ಗುಜರಿಗಳಿವೆ. ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಬಿಚ್ಚಿಟ್ಟ ಭಾಗ ಸಿಗುತ್ತದೆ, ಅಲ್ಲಿ ಇಡೀ ಗಾಡಿಯೇ ಎದುರಿಗಿರುತ್ತದೆ. ಇದು ದೊಡ್ಡ ಅನುಕೂಲ. ಬಾರ್ ಜೊತೆಗೆ ಅದರ ಬ್ರಾಕೆಟ್, ಕ್ಲಾಂಪ್, ಬೋಲ್ಟುಗಳನ್ನೂ ತರಬಹುದು, ಬಿಚ್ಚುವ ಮೊದಲು ಅದು ಹೇಗೆ ಕೂತಿತ್ತೆಂದು ಫೋಟೋ ತೆಗೆಯಬಹುದು. ಬುಷ್‌ಗಳನ್ನು ಮಾತ್ರ ಅಲ್ಲೇ ಬಿಟ್ಟು ಬನ್ನಿ, ಹೊಸದೇ ಬೇಕು.

ಸ್ವೇ ಬಾರ್ ಒಂದು ಸ್ಪ್ರಿಂಗ್. ಸ್ಪ್ರಿಂಗ್ ಉಕ್ಕನ್ನು ಕಾಯಿಸಿ, ತಟ್ಟನೆ ತಣಿಸಿ, ಮತ್ತೆ ಹದವಾಗಿ ಕಾಯಿಸಿ ತಯಾರಿಸಿರುತ್ತಾರೆ. ಸಾವಿರಾರು ಸಲ ತಿರುಚಿದ ಲೋಹ ಬಿರುಕು ಬಿಡುವುದು ಮೇಲ್ಮೈಯಿಂದ, ಅದೂ ಗಾಯವಿದ್ದ ಕಡೆಯಿಂದ. ತೆಳ್ಳನೆಯ ಕೆಂಪು ತುಕ್ಕು ಬ್ರಷ್ ಹೊಡೆದರೆ ಹೋಗುತ್ತದೆ, ಚಿಂತೆಯಿಲ್ಲ. ಉಗುರಿಗೆ ಸಿಗುವಂಥ ಗುಳಿಗಳಿದ್ದರೆ ಅದನ್ನು ಬಿಟ್ಟುಬಿಡಿ. ಬುಷ್ ಕೂರುವ ಜಾಗ, ಬಾಗಿದ ಮೂಲೆಗಳು, ತುದಿಯ ತೂತುಗಳ ಸುತ್ತಮುತ್ತ ಹೆಚ್ಚು ಹೊತ್ತು ನೋಡಿ. ಆಮೇಲೆ ಸಮತಟ್ಟಾದ ನೆಲದ ಮೇಲೆ ಇಟ್ಟು ಎರಡೂ ತುದಿ ಒಂದೇ ಎತ್ತರಕ್ಕೆ ಬರುತ್ತವೆಯೇ ಪರೀಕ್ಷಿಸಿ. ಬಾರಿನ ಮೂಲ ಆಕಾರವೇ ಎರಡು ಕಡೆ ಬೇರೆ ಇರುವುದೂ ಉಂಟು, ಆದರೆ ಅಪಘಾತದ ಗಾಡಿಯದಾದರೆ ಅನುಮಾನಪಡುವುದೇ ಒಳ್ಳೆಯದು.

ವಿಡಿಯೋಗಳಲ್ಲಿ ಕಾಣುವ ಅತಿ ಕೆಟ್ಟ ಕೆಲಸ ಇನ್ನೊಂದಿದೆ. ಬಾರ್ ತುಸು ಉದ್ದವಾಯಿತೆಂದು ಗ್ಯಾಸ್ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸುವುದು, ಕತ್ತರಿಸಿ ವೆಲ್ಡಿಂಗ್ ಮಾಡುವುದು. ಕಾಯಿಸಿದ ಕಡೆ ಉಕ್ಕಿನ ಹದ ಕೆಡುತ್ತದೆ. ವೆಲ್ಡಿಂಗಿನ ಪಕ್ಕದಲ್ಲಿ ಅದು ಗಾಜಿನಂತೆ ಪೆಡಸಾಗಬಹುದು. ನಿಂತಾಗ ಗಟ್ಟಿಯಾಗಿಯೇ ಕಾಣುವ ಬಾರ್ ತಿರುವಿನ ನಡುವೆ ಮುರಿದರೆ ಗಾಡಿಯ ನಡತೆ ಆ ಕ್ಷಣದಲ್ಲಿ ಬದಲಾಗುತ್ತದೆ, ಮುರಿದ ತುದಿ ಬ್ರೇಕ್ ಪೈಪಿಗೋ ಟೈರಿಗೋ ತಾಗಬಹುದು. ಬ್ರಾಕೆಟ್ಟಿಗೆ ವೆಲ್ಡಿಂಗ್ ಇರಲಿ, ಬಾರಿಗೆ ಬೇಡ. ಅಳತೆಗೆ ಬಾರದಿದ್ದರೆ ಬೇರೆ ಬಾರ್ ಹುಡುಕಿ. ಚಾಸಿಯ ಎರಡು ಪಟ್ಟಿಗಳ ನಡುವಿನ ಅಂತರ, ತೋಳುಗಳ ಮೇಲಿನ ಜಾಗ ಎರಡನ್ನೂ ಕಾಗದದ ಮೇಲೆ ಬರೆದುಕೊಂಡು, ಟೇಪು ಹಿಡಿದೇ ಗುಜರಿಗೆ ಹೋಗಬೇಕು.

ಬಿಗಿಯುವಾಗ

ತಗ್ಗಿಸಿದ ಗಾಡಿಯಲ್ಲಿ ಚಾಸಿ ಕೆಳಗೆ ಬಂದಿರುತ್ತದೆ, ಚಕ್ರ ಅಲ್ಲೇ ಇರುತ್ತದೆ. ಮೊದಲಿನ ಉದ್ದದ ಲಿಂಕ್ ರಾಡ್ ಹಾಕಿದರೆ ಬಾರಿನ ತೋಳುಗಳು ಮೇಲಕ್ಕೆ ಚಾಚಿಕೊಂಡು ಸ್ಟೀರಿಂಗಿನ ಸರಳಿಗೋ ಚಾಸಿಗೋ ಬಡಿಯುತ್ತವೆ. ಗಾಡಿ ತನ್ನ ಕಾಲ ಮೇಲೆ ನಿಂತಾಗ ಬಾರಿನ ತೋಳು ಹೆಚ್ಚುಕಡಿಮೆ ನೆಲಕ್ಕೆ ಸಮಾನಾಂತರವಾಗಿ, ಲಿಂಕ್ ಅದಕ್ಕೆ ನೇರ ಲಂಬವಾಗಿ ಇರಬೇಕು. ಇದಕ್ಕೆ ಗಿಡ್ಡ ಲಿಂಕ್, ಆದರೆ ಉದ್ದ ಹೊಂದಿಸಬಹುದಾದ್ದು ಬೇಕು.

ಇಲ್ಲೇ ಹೆಚ್ಚಿನವರು ಎಡವುವುದು. ಜಾಕ್ ಮೇಲೆ ಎತ್ತಿ ಚಕ್ರಗಳು ಜೋತಾಡುತ್ತಿರುವಾಗಲೇ ಕೊನೆಯ ನಟ್ಟನ್ನೂ ಬಿಗಿದುಬಿಡುತ್ತಾರೆ. ರಬ್ಬರ್ ಬುಷ್ ಆ ಸ್ಥಿತಿಯಲ್ಲೇ ಕಚ್ಚಿಕೊಂಡು, ಗಾಡಿ ಕೆಳಗಿಳಿದಾಗ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಎಲ್ಲವನ್ನೂ ಸಡಿಲವಾಗಿ ಜೋಡಿಸಿ, ಗಾಡಿಯನ್ನು ಅದರ ಪೂರ್ತಿ ಭಾರದೊಂದಿಗೆ ಸಮತಟ್ಟು ನೆಲಕ್ಕಿಳಿಸಿ, ಚಾಲಕನ ಸೀಟಿನಲ್ಲಿ ಒಬ್ಬರನ್ನು ಕೂರಿಸಿ, ಆಮೇಲೆ ಬಿಗಿಯುವುದು ಸರಿ. ಒಂದು ಲಿಂಕ್ ಬಿಗಿದ ಮೇಲೆ ಇನ್ನೊಂದರ ಬೋಲ್ಟು ಬೆರಳಿನಿಂದ ತೂತಿಗೆ ಹೋಗಬೇಕು. ಸುತ್ತಿಗೆ ಬೇಕಾಯಿತೆಂದರೆ ಬಾರ್ ನಿಂತಲ್ಲೇ ತಿರುಚಿಕೊಂಡಿದೆ, ಒಂದು ಮುಂಚಕ್ರದ ಮೇಲೆ ಭಾರ ಹೆಚ್ಚಾಗಿದೆ ಎಂದರ್ಥ. ಅಂಥ ಗಾಡಿ ಎಡಕ್ಕೆ ಒಂದು ಥರ, ಬಲಕ್ಕೆ ಇನ್ನೊಂದು ಥರ ತಿರುಗುತ್ತದೆ.

ಬ್ರಾಕೆಟ್ಟಿಗಾಗಿ ಚಾಸಿಗೆ ತೂತು ಕೊರೆಯಬೇಕಾದರೆ ಪಟ್ಟಿಯ ಮೇಲಂಚು ಕೆಳಂಚುಗಳಲ್ಲಿ ಕೊರೆಯಬೇಡಿ. ಭಾರದಿಂದ ಬಾಗುವ ತೊಲೆಯಲ್ಲಿ ಅತಿ ಹೆಚ್ಚು ಎಳೆತ ಮತ್ತು ಒತ್ತಡ ಬೀಳುವುದು ಅಲ್ಲೇ. ನಿಂತ ಪಕ್ಕದ ನಡುಭಾಗ ಸುರಕ್ಷಿತ. ಹಿಂಭಾಗವನ್ನು ತುಂಬ ತಗ್ಗಿಸಿದವರು ಆಕ್ಸಲ್ಲಿಗೆ ಜಾಗ ಮಾಡಲು ಚಾಸಿಯನ್ನೇ ಅರ್ಧಚಂದ್ರವಾಗಿ ಕತ್ತರಿಸಿ ಬಲಪಡಿಸಿರುತ್ತಾರೆ. ಅದರ ಆಸುಪಾಸಿನಲ್ಲಿ ಡ್ರಿಲ್ ತರಲೇಬಾರದು.

ಎಲ್ಲ ಆದ ಮೇಲೆ ಸ್ಟೀರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ಒಂದು ಚಕ್ರವನ್ನು ಎತ್ತಿ ಇನ್ನೊಂದನ್ನು ಇಳಿಸಿ, ಬಾರ್ ಎಲ್ಲಾದರೂ ತಾಗುತ್ತದೆಯೇ ನೋಡಬೇಕು. ಜಾಕ್ ಮಾತ್ರ ನಂಬಿ ಅಡಿಗೆ ಹೋಗಬಾರದು, ಚಾಸಿಯ ಕೆಳಗೆ ಸ್ಟ್ಯಾಂಡ್ ಇರಲೇಬೇಕು. ಮೊದಲ ಓಟ ಒಣಗಿದ, ಖಾಲಿ ರಸ್ತೆಯಲ್ಲಿ, ನಿಧಾನವಾಗಿ.

ನಮ್ಮ ರಸ್ತೆಗೆ ಬಂದರೆ

ವಿಡಿಯೋ ನೋಡಿ ನಮ್ಮ ಪಿಕಪ್ಪನ್ನೂ ಹೀಗೆ ಮಾಡಿಸೋಣ ಎನ್ನುವವರು ಮೊದಲು ಕಾನೂನು ನೋಡಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ ನೋಂದಣಿ ದಾಖಲೆಯಲ್ಲಿರುವ ವಿವರ ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ ವಿಧಿಸಬಹುದು. ಚಾಸಿ ಕತ್ತರಿಸಿ ತಗ್ಗಿಸುವುದು ಇಲ್ಲಿ ಹವ್ಯಾಸವಾಗಿ ಉಳಿಯುವುದಿಲ್ಲ. ನಮ್ಮ ಹಂಪ್‌ಗಳ ಮೇಲೆ ಅಂಥ ಗಾಡಿಯ ಪಾಡು ಹೇಗಿರುತ್ತದೆಂದು ಹೇಳಬೇಕಾಗಿಲ್ಲ.

ನಿಮ್ಮ ಸಾಮಾನ್ಯ ಕಾರಿನಲ್ಲೂ ಬಹುಶಃ ಇದೇ ಬಾರ್ ಮುಂದೆ ಇದೆ. ಗುಂಡಿ ಬಿದ್ದ ರಸ್ತೆಯಲ್ಲಿ ಮುಂಚಕ್ರದ ಕಡೆಯಿಂದ ‘ಕಟಕಟ’ ಸದ್ದು ಬಂದರೆ ಅನೇಕ ಸಲ ಸವೆದಿರುವುದು ಅದರ ಲಿಂಕ್ ರಾಡ್ ಅಥವಾ ಬುಷ್. ‘ಬಾರ್ ಬಿಚ್ಚಿಬಿಡಿ ಸಾರ್, ಸದ್ದೇ ಇರಲ್ಲ, ಗಾಡಿ ಮೆತ್ತಗೂ ಓಡುತ್ತೆ’ ಎಂಬ ಸಲಹೆ ಕೆಲವು ಕಡೆ ಸಿಗುತ್ತದೆ. ಸದ್ದು ನಿಲ್ಲುವುದೇನೋ ನಿಜ. ಆದರೆ ಮುಂದಿನ ಬಾರ್ ಹೋದರೆ ಪಿಕಪ್ಪಿಗೆ ಹಿಂದೆ ಮಾತ್ರ ಬಾರ್ ಹಾಕಿದಂತೆಯೇ ಲೆಕ್ಕ: ಮುಂದೆ ಬಿಗಿತ ಕಡಿಮೆಯಾಗಿ ಸಮತೋಲನ ಹಿಂದಕ್ಕೆ ಸರಿಯುತ್ತದೆ. ಹೆದ್ದಾರಿಯಲ್ಲಿ ಎದುರಿಗೆ ನಾಯಿ ಬಂತೆಂದು ಥಟ್ಟನೆ ಸ್ಟೀರಿಂಗ್ ಎಳೆದಾಗ ಅದು ಗೊತ್ತಾಗುತ್ತದೆ. ಲಿಂಕ್ ರಾಡ್ ಹೊಸದು ಹಾಕಿಸಿ, ಎರಡೂ ಕಡೆಯದನ್ನು ಒಟ್ಟಿಗೇ ಬದಲಿಸಿ. ಕೊನೆಯ ನಟ್ಟು ಬಿಗಿಯುವಾಗ ಚಕ್ರ ನೆಲದ ಮೇಲಿದೆಯೇ ಎಂದು ಮೆಕ್ಯಾನಿಕ್‌ ಬಳಿ ಒಮ್ಮೆ ಕೇಳಿ.